‘ಆಲು’ ಅಂದರೆ ಫೋನಿಗೆ ಏನು ಕೇಳಿಸುತ್ತದೆ?

ಕುರುಬರಹಳ್ಳಿಯ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಫೋನಿನ ಜೊತೆ ಎಲ್ಲರಿಗಿಂತ ಹೆಚ್ಚು ಮಾತಾಡುವವಳು ಅಜ್ಜಿ. ಮಳವಳ್ಳಿ ಕಡೆಯವಳು, ಓದು ಬರಹ ಬಾರದು. ಮಂಡಿನೋವು ಹೆಚ್ಚಾಗಿ ಊರು ಬಿಟ್ಟು ಬಂದವಳಿಗೆ ಮೊದಲ ಆರು ತಿಂಗಳು ಇಲ್ಲಿ ಹೊತ್ತು ಹೋಗುವುದೇ ಕಷ್ಟವಾಗಿತ್ತು. ಆಮೇಲೆ ಚಿಕ್ಕಮ್ಮನ ಮಗಳು ತನ್ನ ಹಳೆಯ ಫೋನು ಕೊಟ್ಟು, ಮೈಕಿನ ಗುರುತು ತೋರಿಸಿ, ಅದನ್ನು ಒತ್ತಿ ಬಾಯಲ್ಲಿ ಹೇಳಿದರೆ ಬೇಕಾದ್ದು ಬರುತ್ತದೆ ಎಂದು ಕಲಿಸಿದಳು. ಅಂದಿನಿಂದ ಮಾದಪ್ಪನ ಕಥೆ, ಮಂಟೇಸ್ವಾಮಿ ಪದ, ಯಾವುದೋ ಊರಿನ ಕೊಂಡ, ಮಂಡಿಗೆ ಹಚ್ಚುವ ಎಣ್ಣೆ ಎಲ್ಲವೂ ಬಾಯಿಂದಲೇ.

ಒಂದು ಬೆಳಗ್ಗೆ ಹಾಲು ಒಡೆದಿತ್ತು. ಚಿಕ್ಕಮ್ಮ ಕೆಲಸಕ್ಕೆ ಹೊರಟಿದ್ದರು. ಅಜ್ಜಿ ಫೋನು ತುಟಿಯ ಹತ್ತಿರ ಹಿಡಿದು ‘ಆಲು ಒಡ್ದೋದ್ರೆ ಏನ್ ಮಾಡದು’ ಎಂದಳು. ಪರದೆಯ ಮೇಲೆ ಆಲೂ ಪರೋಟ, ಆಲೂ ಬೋಂಡ, ಯಾರೋ ಉತ್ತರದವರು ಮಾಡುವ ಆಲೂ ಜೀರಾ ಸಾಲಾಗಿ ಬಂದವು. ನಾವೆಲ್ಲ ನಕ್ಕೆವು. ಅಜ್ಜಿಯೂ ನಕ್ಕಳು. ಮಾರನೆಯ ವಾರ ನಾನು ಓದುತ್ತಾ ಕೂತಿದ್ದಾಗ ಅಡುಗೆಮನೆಯಿಂದ ಒಂದು ಅಪರಿಚಿತ ದನಿ ಕೇಳಿಸಿತು. ತೂಕದ, ಬಿಡಿಬಿಡಿಯಾದ, ದೂರದರ್ಶನದ ವಾರ್ತೆ ಓದುವವರ ಹಾಗಿನ ದನಿ: ‘ಹಾಲು. ಒಡೆದರೆ. ಏನು. ಮಾಡಬೇಕು.’ ಎದ್ದು ಹೋಗಿ ನೋಡಿದರೆ ಅಜ್ಜಿ. ಯಾಕಜ್ಜಿ ಹೀಗೆ ಎಂದು ಕೇಳಿದೆ. ‘ನಮ್ ಮಾತು ಅದುಕ್ಕೆ ಗೊತ್ತಾಯ್ಕಿಲ್ಲ ಕಣ್ ಮೊಗ. ಸರ್ಯಾಗ್ ಮಾತಾಡ್ಬೇಕು’ ಎಂದಳು.

ಆ ‘ಸರ್ಯಾಗ್’ ನನ್ನನ್ನು ಇನ್ನೂ ಬಿಟ್ಟಿಲ್ಲ. ಎಂಬತ್ತರ ಹತ್ತಿರ ಬಂದ, ಶಾಲೆಯ ಮೆಟ್ಟಿಲು ಹತ್ತದ ಹೆಂಗಸಿಗೆ ಅವಳ ಮಾತು ಸರಿಯಿಲ್ಲ ಎಂದು ಇದುವರೆಗೆ ಯಾವ ಮೇಷ್ಟರೂ ಹೇಳುವ ಅವಕಾಶ ಬಂದಿರಲಿಲ್ಲ. ಕನ್ನಡದ ಬರಹದ ನುಡಿಗೂ ಆಡುನುಡಿಗೂ ನಡುವಿನ ಬಿರುಕು ಹೆಚ್ಚಾಗಿ ಅಕ್ಷರ ಕಲಿತವರನ್ನೇ ಕಾಡಿದ್ದು. ಶಾಲೆಗೆ ಹೋದ ನಮಗೆ ಅಕಾರ ಹಕಾರಗಳ ಮೇಲೆ ಬೆತ್ತ ಬಿತ್ತು. ಟೀವಿಯ ಕಾಮಿಡಿಗಳಲ್ಲಿ ಇಂದಿಗೂ ಅದೇ ನಗೆ. ಓದು ಬಾರದವರು ಆ ಬೆತ್ತದಿಂದಲಾದರೂ ತಪ್ಪಿಸಿಕೊಂಡಿದ್ದರು. ಈಗ ಅದು ಮೈಕಿನ ಚಿತ್ರವಾಗಿ ಅವರ ಅಂಗೈಗೇ ಬಂದಿದೆ.

ಇದನ್ನು ಬರೆಯಲು ನನಗೆ ನೈತಿಕ ಹಕ್ಕು ಕಡಿಮೆ. ಯಾಕೆಂದರೆ ಅದೇ ಯಂತ್ರದ ಮುಂದೆ ನಾನು ಅಜ್ಜಿಗಿಂತ ಬೇಗ ಮಣಿದವನು. ನನ್ನ ಪಿಎಚ್.ಡಿ. ಇರುವುದು ಕನ್ನಡ ಕಥನದಲ್ಲಿ ಆಡುನುಡಿಯನ್ನು ಬರೆದ ಬಗೆಗಳ ಮೇಲೆ. ಕಾದಂಬರಿಗಳ ಪಕ್ಕದಲ್ಲಿಟ್ಟು ನೋಡಲು ನಿಜವಾದ ಮಾತಿನ ಮಾದರಿ ಬೇಕಿತ್ತು. ಅಜ್ಜಿ ಊರಿನಲ್ಲಿರುವ ತಂಗಿಗೆ ಕಳಿಸುವ ವಾಟ್ಸ್ಆ್ಯಪ್ ದನಿ ಸಂದೇಶಗಳನ್ನು ಇಬ್ಬರ ಒಪ್ಪಿಗೆ ಪಡೆದು ಇಟ್ಟುಕೊಂಡೆ. ನಲವತ್ತು ಕ್ಲಿಪ್ಪುಗಳು. ಒಂದೊಂದನ್ನೂ ಕೇಳಿ ನಿಲ್ಲಿಸಿ ಬರೆಯಲು ತಾಳ್ಮೆಯಿಲ್ಲದೆ, ದನಿಯನ್ನು ಬರಹ ಮಾಡಿಕೊಡುವ ಒಂದು ಆ್ಯಪಿಗೆ ಕೊಟ್ಟೆ. ಎರಡು ಸಂಜೆಯಲ್ಲಿ ಮುಗಿಯಿತು. ಅಲ್ಲಲ್ಲಿ ತಿದ್ದಿ, ಅಧ್ಯಾಯಕ್ಕೆ ಸೇರಿಸಿ, ಮಾರ್ಗದರ್ಶಕರ ಕೈಗಿಟ್ಟೆ. ಅವರು ನಾಲ್ಕು ಪುಟ ಓದಿ ಕನ್ನಡಕ ತೆಗೆದು, ‘ನಿಮ್ಮ ಅಜ್ಜಿ ಯಾವ ಕಾಲೇಜಿನಲ್ಲಿ ಪಾಠ ಮಾಡ್ತಿದ್ರು?’ ಎಂದರು.

ಮತ್ತೆ ಕೇಳಿ ಹೋಲಿಸಿದಾಗ ತಿಳಿಯಿತು. ಅಜ್ಜಿ ‘ಕುಂತವ್ನೆ’ ಎಂದಲ್ಲಿ ‘ಕುಳಿತಿದ್ದಾನೆ’ ಎಂದಿತ್ತು. ‘ವಸಿ ತಡಿ’ ಎಂದಿದ್ದರಲ್ಲಿ ‘ವಸಿ’ಯೇ ಇರಲಿಲ್ಲ. ‘ಆಲು ಕಾಯ್ಸಿ’ ಎಂದಲ್ಲಿ ‘ಹಾಲು ಕಾಯಿಸಿ’. ಅಡುಗೆಮನೆಯಲ್ಲಿ ಹಾಲು ಆಲೂಗಡ್ಡೆಯಾದಾಗ ತಪ್ಪು ಎಲ್ಲರಿಗೂ ಕಂಡಿತ್ತು, ನಕ್ಕಿದ್ದೆವು. ಇಲ್ಲಿ ಆಲು ಹಾಲಾದಾಗ ಯಾರಿಗೂ ಕಾಣಲಿಲ್ಲ. ಅರ್ಥ ಕೆಡಲಿಲ್ಲವಲ್ಲ! ನನ್ನಂಥ, ಆಡುನುಡಿಯ ಮೇಲೆಯೇ ಸಂಶೋಧನೆ ಮಾಡುವವನ ಕಣ್ಣಿಗೂ ಅದು ಅಚ್ಚುಕಟ್ಟಾಗಿ ಕಂಡಿತು. ಯಂತ್ರದ ಸೋಲಿಗಿಂತ ಅದರ ಗೆಲುವಿಗೆ ಹೆಚ್ಚು ಹೆದರಬೇಕೆಂದು ನನಗೆ ಅನ್ನಿಸಿದ್ದು ಆಗ.

ಯಾಕೆ ಹೀಗಾಗುತ್ತದೆ ಎಂಬುದು ಗುಟ್ಟೇನಲ್ಲ. ಇಂಥ ಯಂತ್ರ ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೆ ಬರೆದುಕೊಳ್ಳುವ ಗುಮಾಸ್ತನಲ್ಲ. ಕೇಳಿದ ಸದ್ದಿಗೆ ಹೊಂದುವ ಪದಗಳಲ್ಲಿ, ಹಿಂದುಮುಂದಿನ ಪದಗಳ ಜೊತೆ ಯಾವುದು ಬರುವ ಸಂಭವ ಹೆಚ್ಚು ಎಂದು ಲೆಕ್ಕ ಹಾಕಿ ಒಂದನ್ನು ಆರಿಸುತ್ತದೆ. ಆ ಸಂಭವವನ್ನು ಅದು ಕಲಿತಿರುವುದು ಬರಹದಿಂದ. ಅಂತರ್ಜಾಲದಲ್ಲಿ ಸಿಗುವ ಕನ್ನಡ ಬರಹದಲ್ಲಿ ಬಹುಪಾಲು ಪತ್ರಿಕೆಯ, ವಿಕಿಪೀಡಿಯದ, ಸರ್ಕಾರಿ ಜಾಲತಾಣಗಳ ಭಾಷೆ. ‘ಕುಂತವ್ನೆ’ ಎಂದು ಯಾರು ಸುದ್ದಿ ಬರೆದಿದ್ದಾರೆ? ನಾವು ಬರೆಯದೇ ಬಿಟ್ಟದ್ದನ್ನು ಅದು ಕೇಳದೇ ಬಿಡುತ್ತದೆ.

ಕನ್ನಡ ಮತ್ತು ತಂತ್ರಜ್ಞಾನ ಎಂದಾಗ ನಾವು ಸಾಮಾನ್ಯವಾಗಿ ಹೆಮ್ಮೆಯಿಂದ ಹೇಳುವ ಕಥೆ ಕೀಲಿಮಣೆಯದು. ಕೆ.ಪಿ. ರಾವ್ ಅವರ ವಿನ್ಯಾಸ, ಬರಹ, ನುಡಿ, ಪೂರ್ಣಚಂದ್ರ ತೇಜಸ್ವಿಯವರ ಆಸಕ್ತಿಯಿಂದ ಬಂದ ಕುವೆಂಪು ತಂತ್ರಾಂಶ, ಯೂನಿಕೋಡ್. ಈ ಕಥೆಯನ್ನು ಎಲ್ಲ ವಿಚಾರ ಸಂಕಿರಣಗಳಲ್ಲೂ ಕೇಳಿದ್ದೇವೆ, ಮತ್ತೆ ಹೇಳುವುದಿಲ್ಲ. ಆದರೆ ಅದರಲ್ಲಿ ಯಾರೂ ಎತ್ತಿ ಹೇಳದ ಒಂದು ಗುಣವಿದೆ. ಕೆ.ಪಿ. ರಾವ್ ವಿನ್ಯಾಸದಲ್ಲಿ ವ್ಯಂಜನ ಒತ್ತಿ, ಸ್ವರ ಒತ್ತಿದರೆ ಗುಣಿತಾಕ್ಷರ ಬಂತು. ಅದು ಪದವನ್ನು ನೋಡುವುದೇ ಇಲ್ಲ, ಅಕ್ಷರವನ್ನಷ್ಟೇ ಕಟ್ಟುತ್ತದೆ. ‘ಹೋಗಿದ್ದಾನೆ’ ಬರೆಯಲು ಎಷ್ಟು ಸಲೀಸೋ ‘ಓಗವ್ನೆ’ ಬರೆಯಲೂ ಅಷ್ಟೇ ಸಲೀಸು. ಮುಂದಿನ ಪದವನ್ನು ತಾನೇ ಸೂಚಿಸುವ, ಕಾಗುಣಿತ ತಿದ್ದುವ, ದನಿ ಕೇಳಿ ಬರೆಯುವ ಆ್ಯಪುಗಳು ಬಂದ ಮೇಲೆ ಆ ಉದಾಸೀನ ಹೋಯಿತು. ಈಗ ಬರೆಯುವ ಸಾಧನಕ್ಕೇ ಒಂದು ಅಭಿರುಚಿ ಇದೆ. ಅದು ಸಂಪಾದಕೀಯ ಪುಟದ ಅಭಿರುಚಿ.

ದೇವನೂರ ಮಹಾದೇವ ಅವರ ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದರ ಭಾಷೆ ಅರ್ಥವಾಗುವುದಿಲ್ಲ ಎಂಬ ದೂರು ಆಗಲೂ ಇತ್ತು, ಎಂ.ಎ. ತರಗತಿಗಳಲ್ಲಿ ಈಗಲೂ ಇದೆ. ಎಲ್. ಬಸವರಾಜು ಅವರು ಅದನ್ನು ಸಾಲುಸಾಲಾಗಿ ಬಿಡಿಸಿ ಕಾವ್ಯದ ಹಾಗೆ ಓದಲು ಅನುವು ಮಾಡಿಕೊಟ್ಟರು. ಅವರು ಮಾಡಿದ್ದನ್ನು ಗಮನಿಸಿ: ಉಸಿರು ಎಲ್ಲಿ ನಿಲ್ಲುತ್ತದೆಂದು ತೋರಿಸಿದರು, ಮಾತನ್ನು ತಿದ್ದಲಿಲ್ಲ. ನಾನು ಆ ಕಾದಂಬರಿಯ ಒಂದು ಪುಟವನ್ನು ಜೋರಾಗಿ ಓದಿ ಆ್ಯಪಿಗೆ ಕೇಳಿಸಿದೆ. ಅರ್ಧದಷ್ಟು ಪದಗಳು ಪತ್ರಿಕೆಯ ಕನ್ನಡವಾಗಿ ಬಂದವು, ಉಳಿದವು ಏನೂ ಆಗದೆ ಕಳೆದುಹೋದವು. ಒಬ್ಬ ಲೇಖಕ ತನ್ನ ಊರಿನ ನಾಲಿಗೆಯನ್ನು ಅಚ್ಚಿಗೆ ತರಲು ಪಟ್ಟ ಪಾಡು ನಿಮಿಷದಲ್ಲಿ ಹಿಂದಕ್ಕೆ ತಿರುಗಿತ್ತು. ಮೊಬೈಲು ಪರದೆಯ ಮೇಲೆ ಆ ಪುಟ ಎಷ್ಟು ಸರಳವಾಗಿ, ಎಷ್ಟು ನಿರ್ಜೀವವಾಗಿ ಕಾಣುತ್ತಿತ್ತೆಂದರೆ, ಹಾಗೆ ಬರೆದಿದ್ದರೆ ಅದನ್ನು ಯಾರೂ ದೂರುತ್ತಿರಲಿಲ್ಲ, ಯಾರೂ ಓದುತ್ತಲೂ ಇರಲಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ, ಇದನ್ನು ಸರಿಪಡಿಸುವ ಕೆಲಸವೂ ನಡೆದಿದೆ, ಅದೂ ನಮ್ಮ ಸುತ್ತಲೇ. ಕುರುಬರಹಳ್ಳಿಯಿಂದ ಯಶವಂತಪುರದ ಕಡೆ ಹೋದರೆ ಸಿಗುವ ಭಾರತೀಯ ವಿಜ್ಞಾನ ಸಂಸ್ಥೆಯ ರೆಸ್ಪಿನ್ ಯೋಜನೆ ಕನ್ನಡವೂ ಸೇರಿ ಒಂಬತ್ತು ಭಾಷೆಗಳ ಒಳನುಡಿಗಳ ದನಿಯನ್ನು ಕಲೆಹಾಕಿದೆ. ಅಲ್ಲಿಯದೇ ‘ವಾಣಿ’ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಯ ಜನರಿಗೆ ಚಿತ್ರ ತೋರಿಸಿ, ಕಂಡದ್ದನ್ನು ತಮ್ಮ ಮಾತಿನಲ್ಲೇ ಹೇಳಿಸುತ್ತಾರೆ. ಚಾಮರಾಜನಗರ ಜಿಲ್ಲೆಯಲ್ಲಿ ‘ಕಾರ್ಯ’ ಎಂಬ ಬೆಂಗಳೂರಿನ ಸಂಸ್ಥೆ ಹಳ್ಳಿಯವರಿಗೆ ಹಣ ಕೊಟ್ಟು ಫೋನಿನಲ್ಲಿ ಕನ್ನಡ ವಾಕ್ಯಗಳನ್ನು ಓದಿಸಿದ್ದು 2023ರ ಜುಲೈನಲ್ಲಿ ಟೈಮ್ ಪತ್ರಿಕೆಯಲ್ಲಿ ದೊಡ್ಡ ವರದಿಯಾಗಿತ್ತು. ಗಂಟೆಗೆ ಸುಮಾರು 5 ಡಾಲರು ಕೂಲಿ. ಕೂಲಿಯ ವಿಷಯದಲ್ಲಿ ನನಗೆ ತಕರಾರಿಲ್ಲ, ಸಂತೋಷವೇ. ತಕರಾರಿರುವುದು ‘ಓದಿಸಿದ್ದು’ ಎಂಬಲ್ಲಿ. ವಾಕ್ಯ ಕೊಟ್ಟು ಓದಿಸಿದಾಗ ನಮಗೆ ಆ ಊರಿನ ಉಚ್ಚಾರ ಸಿಗುತ್ತದೆ, ಆ ಊರಿನ ವಾಕ್ಯ ಸಿಗುವುದಿಲ್ಲ. ಹಾಗೆ ನೋಡಿದರೆ ಚಿತ್ರ ತೋರಿಸಿ ಮಾತಾಡಿಸುವುದು ಮೇಲು. ಆದರೂ ಅಪರಿಚಿತ ಚಿತ್ರದ ಮುಂದೆ, ಧ್ವನಿಮುದ್ರಣ ನಡೆಯುತ್ತಿದೆ ಎಂದು ಗೊತ್ತಿರುವಾಗ, ನಮ್ಮಜ್ಜಿ ಯಾವ ಕನ್ನಡ ಆಡಿಯಾಳು? ‘ಸರ್ಯಾಗ್’ ಮಾತಾಡಿಯಾಳು ಎಂದೇ ನನ್ನ ಊಹೆ. 1931ರಲ್ಲಿ ‘ಗರತಿಯ ಹಾಡು’ ಹೊರತಂದ ಹಲಸಂಗಿಯ ಗೆಳೆಯರ ಕೈಯಲ್ಲಿ ಯಂತ್ರವಿರಲಿಲ್ಲ. ಹಾಡುವವರ ನೆರೆಯಲ್ಲೇ ಬದುಕಿದವರಾಗಿದ್ದರು.

ಮೊಬೈಲು ಕನ್ನಡವನ್ನು ಕೆಡಿಸಿತು ಎಂದು ಗೊಣಗುವವರ ಸಾಲಿಗೆ ಇಷ್ಟು ಹೇಳಿದ್ದಕ್ಕೇ ನನ್ನನ್ನು ಸೇರಿಸಬೇಡಿ. ಆ ಗೊಣಗಾಟ ನನಗೆ ಹಿಡಿಸುವುದಿಲ್ಲ. ಅದನ್ನು ಬರೆಯುವವರು ಹೆಚ್ಚಾಗಿ ತಮ್ಮ ಫೋನನ್ನಷ್ಟೇ ನೋಡಿರುತ್ತಾರೆ. ನಮ್ಮ ಬೀದಿಯ ಮರದ ಕೆಳಗಿನ ಇಸ್ತ್ರಿ ಅಂಗಡಿಯವರಿಗೆ ಬಟ್ಟೆಯ ಲೆಕ್ಕ ಬರೆದಿಡಲು ಬಾರದು. ಬಟ್ಟೆ ತಗೊಳ್ಳುವಾಗ ಆ ಮನೆಯ ಬಾಗಿಲ ಮುಂದೆಯೇ ಗಂಟು ಬಿಚ್ಚಿ ಫೋಟೋ ತೆಗೆದುಕೊಳ್ಳುತ್ತಾರೆ. ಬಾಗಿಲೇ ವಿಳಾಸ, ರಂಗೋಲಿಯೇ ಗುರುತು. ಇದಕ್ಕೆ ಯಾವ ಕಂಪನಿಯೂ ಆ್ಯಪು ಮಾಡಿಕೊಟ್ಟಿಲ್ಲ. ಕ್ಯಾಮೆರಾವನ್ನು ಅವರೇ ಖಾತೆಪುಸ್ತಕ ಮಾಡಿಕೊಂಡರು.

ತರಕಾರಿ ಗಾಡಿಯವರದು ಇನ್ನೂ ಸೊಗಸು. ಬೆಳಗ್ಗೆ ಎಂಟರ ಹೊತ್ತಿಗೆ ಅವರ ಗಾಡಿಯ ಪುಟ್ಟ ಸ್ಪೀಕರಿನಿಂದ ಕೂಗು ಬರುತ್ತದೆ. ಕೂಗುವ ದನಿ ಅವರ ಹೆಂಡತಿಯದು. ‘ನನ್ ಗಂಟ್ಲು ಮೂರನೇ ಕ್ರಾಸಿಗೇ ಬಿದ್ದೋಗುತ್ತೆ ಸಾರ್, ಅವಳ್ದು ಮಹಾಲಕ್ಷ್ಮಿ ಲೇಔಟ್‌ವರ್ಗೂ ಹೋಗುತ್ತೆ’ ಎಂದರು. ಆಕೆ ಪ್ರತಿದಿನ ಮಾರುಕಟ್ಟೆಯ ಬೆಲೆ ಗೊತ್ತಾದ ಮೇಲೆ ಫೋನಿನಲ್ಲಿ ಹೊಸದಾಗಿ ಮುದ್ರಿಸುತ್ತಾರೆ. ನಾನು ಒಂದು ತಿಂಗಳು ಕಿವಿಗೊಟ್ಟು ಕೇಳಿದೆ. ಕೂಗಿನ ಮೊದಲು, ಕೊನೆ, ಸೊಪ್ಪುಗಳ ಹೆಸರು ಬರುವ ಲಯ ಬದಲಾಗುವುದಿಲ್ಲ, ಬೆಲೆ ಬದಲಾಗುತ್ತದೆ. ಆದರೆ ಹನ್ನೆರಡು ರೂಪಾಯಿ ಇದ್ದದ್ದು ಇಪ್ಪತ್ತೈದಾದ ದಿನ ಆ ಜಾಗಕ್ಕೆ ಮಾತ್ರೆ ಹೊಂದುವುದಿಲ್ಲ. ಆಗ ಆಕೆ ‘ದಂಟಿನ ಸೊಪ್ಪು’ ಎಂಬುದನ್ನು ‘ದಂಟು’ ಮಾಡಿ ಸರಿದೂಗಿಸುತ್ತಾರೆ. ಸಿದ್ಧಸೂತ್ರಗಳನ್ನು ಛಂದಸ್ಸಿನ ಜಾಗಕ್ಕೆ ತಕ್ಕಂತೆ ಕೂಡಿಸಿ ಹಾಡು ಕಟ್ಟುವ ಈ ಬಗೆಯನ್ನು ಆಲ್ಬರ್ಟ್ ಲಾರ್ಡ್ ಯುಗೊಸ್ಲಾವಿಯದ ಗಾಯಕರಲ್ಲಿ ಕಂಡು, 1960ರಲ್ಲಿ ಪುಸ್ತಕ ಬರೆದ. ಮಂಟೇಸ್ವಾಮಿ ಪದ ಹಾಡುವ ನೀಲಗಾರರ ಬಗ್ಗೆ ಮಾತಾಡುವಾಗ ನಾವು ಅದನ್ನು ಉದಾಹರಿಸುತ್ತೇವೆ. ದಿನಾ ಬೆಳಗ್ಗೆ ಕಿಟಕಿಯಾಚೆ ಹಾದುಹೋಗುವ ಗಾಡಿಯ ಬಗ್ಗೆ ಮಾತಾಡುವಾಗ ನಮಗೆ ಆತ ನೆನಪಾಗುವುದಿಲ್ಲ. ಗಾಡಿಯಲ್ಲೇ ಇನ್ನೊಂದು ದನಿಯೂ ಇದೆ. ಹಣ ಬಂತೆಂದು ಸಾರುವ ಫೋನ್‌ಪೇ ಪೆಟ್ಟಿಗೆ, ಅದೂ ನಟ ಸುದೀಪ್ ದನಿಯಲ್ಲಿ. ಸುದೀಪ್ ಗ್ರಂಥಸ್ಥ ಕನ್ನಡದಲ್ಲಿ ಹಣ ಎಣಿಸುತ್ತಾರೆ, ಆಕೆ ತನ್ನ ಕನ್ನಡದಲ್ಲಿ ಗಿರಾಕಿ ಕರೆಯುತ್ತಾರೆ. ಯಾರು ಯಾರನ್ನೂ ತಿದ್ದುವುದಿಲ್ಲ.

ಇಲ್ಲಿ ಒಂದು ವ್ಯತ್ಯಾಸ ನನಗೆ ಹೊಳೆಯಿತು. ಗಾಡಿಯವರ ಫೋನು, ಇಸ್ತ್ರಿಯವರ ಫೋನು ಬರೀ ಇಟ್ಟುಕೊಳ್ಳುತ್ತವೆ: ದನಿಯನ್ನು ದನಿಯಾಗಿ, ಬಾಗಿಲನ್ನು ಬಾಗಿಲಾಗಿ. ಅರ್ಥ ಮಾಡಿಕೊಳ್ಳಲು ಹೋಗುವುದಿಲ್ಲ. ಅಜ್ಜಿಯ ಫೋನು ಅರ್ಥ ಮಾಡಿಕೊಳ್ಳಲು ಹೊರಟದ್ದೇ ತೊಂದರೆಗೆ ಮೊದಲಾಯಿತು. ಹೊಸ ತಂತ್ರಜ್ಞಾನ ಅಷ್ಟೂ ಈಗ ಅರ್ಥ ಮಾಡಿಕೊಳ್ಳುವ ದಿಕ್ಕಿಗೇ ಹೊರಟಿದೆ. ಹಾಗಾಗಿ ನನ್ನ ಸಂಕಟ ಅಜ್ಜಿಯ ಒಂದು ಮೈಕಿನದಷ್ಟೇ ಅಲ್ಲ.

ಈ ಸಂಕಟವನ್ನು ಅಧ್ಯಾಯದ ಕೊನೆಗೆ ಬಹಳ ದುಃಖದ ಧಾಟಿಯಲ್ಲಿ ಬರೆದಿದ್ದೆ. ಅಜ್ಜಿಯ ನುಡಿಯನ್ನು ಯಂತ್ರ ಕಸಿದುಕೊಂಡಿತು, ಇತ್ಯಾದಿ. ನಂತರ ನಲವತ್ತೂ ಕ್ಲಿಪ್ಪುಗಳನ್ನು ಕೈಯಲ್ಲೇ ಬರೆಯಲು ಕೂತಾಗ ಮೂವತ್ತೊಂದನೆಯದು ಸಿಕ್ಕಿತು. ಅದು ಆಲೂಗಡ್ಡೆ ಪ್ರಸಂಗದ ಮೂರು ವಾರದ ಮೇಲಿನದು. ಅಜ್ಜಿ ತಂಗಿಗೆ ಫೋನಿನ ಕಥೆ ಹೇಳುತ್ತಿದ್ದಾಳೆ. ತಾನು ‘ಆಲು’ ಅಂದದ್ದು ತನ್ನ ದನಿಯಲ್ಲಿ. ಫೋನಿಗೆ ಹೇಳಬೇಕಾದ ರೀತಿ ವಾರ್ತೆಯವರ ದನಿಯಲ್ಲಿ. ನಡುವೆ ನನ್ನ ದನಿಯೂ ಇದೆ, ‘ಯಾಕಜ್ಜಿ ಹೀಗೆ’ ಎಂದು ಮೂಗಿನಲ್ಲಿ. ಮೂರು ಕನ್ನಡಗಳನ್ನು ಬೇರೆಬೇರೆಯಾಗಿ ಆಡಿ ತೋರಿಸಿ, ‘ಇದುಕ್ಕೂ ನಮ್ ಮೊಗೀಗೂ ಒಂದೇ ಮಾತು ಕಣೇ’ ಎನ್ನುತ್ತಾಳೆ. ಊರಿನಿಂದ ಮರುಸಂದೇಶವಾಗಿ ಬಂದದ್ದು ಹನ್ನೊಂದು ಸೆಕೆಂಡಿನ ನಗು, ಮಾತೇ ಇಲ್ಲ.

ದುಃಖದ ಪುಟ ತೆಗೆದೆ. ಅವಳ ನುಡಿ ಎಲ್ಲಿಗೂ ಹೋಗಿರಲಿಲ್ಲ, ವೇಷ ಹಾಕುವುದನ್ನು ಕಲಿತಿತ್ತು. ಆದರೆ ತೆಗೆದ ಜಾಗಕ್ಕೆ ಸಂಭ್ರಮದ ಪುಟ ಹಾಕಲೂ ಮನಸ್ಸು ಬರಲಿಲ್ಲ. ವೇಷ ಹಾಕಿ ಅಣಕಿಸುವ ಚೈತನ್ಯ ಅಜ್ಜಿಗಿದೆ. ಅದೇ ಮೈಕಿಗೆ ದಿನಾ ‘ಸರ್ಯಾಗ್’ ಮಾತಾಡುತ್ತಾ ಬೆಳೆಯುತ್ತಿರುವ ಚಿಕ್ಕಮ್ಮನ ಮಗಳಿಗೆ ಅಣಕಿಸಲು ಎರಡನೆಯ ದನಿ ಉಳಿದಿದೆಯೇ? ಅವಳು ಈಚೆಗೆ ಅಜ್ಜಿಯ ಕ್ಲಿಪ್ಪುಗಳನ್ನು ಕೇಳಿ ‘ವಸಿ’ ಅಂದರೇನು ಎಂದು ನನ್ನನ್ನು ಕೇಳಿದಳು.

ಮೂವತ್ತೊಂದನೆಯ ಕ್ಲಿಪ್ಪನ್ನು ಕುತೂಹಲಕ್ಕೆ ಮತ್ತೆ ಆ್ಯಪಿಗೆ ಕೊಟ್ಟು ನೋಡಿದೆ. ವಾರ್ತೆಯ ದನಿಯ ಭಾಗ ಒಂದಕ್ಷರ ತಪ್ಪಿಲ್ಲದೆ ಬಂತು, ನನ್ನ ದನಿಯದೂ ಬಂತು. ಮಿಕ್ಕದ್ದನ್ನು ಕೈಯಲ್ಲೇ ಬರೆಯುತ್ತಿದ್ದೇನೆ. ಒಟ್ಟು ಎರಡು ನಿಮಿಷ ಹದಿನಾಲ್ಕು ಸೆಕೆಂಡು. ನಿನ್ನೆ ರಾತ್ರಿಗೆ ನಲವತ್ತು ಸೆಕೆಂಡು ಮುಗಿದಿದೆ. ‘ಕಣೇ’ ಎಂಬಲ್ಲಿ ಅಜ್ಜಿ ಎಳೆಯುವ ಎಳೆತಕ್ಕೆ ಯಾವ ಗುರುತು ಹಾಕುವುದು ಎಂಬಲ್ಲಿ ನಿಂತಿದ್ದೇನೆ.