ಕಾಳಿ ನದಿಯ ಒಂದು ರಾತ್ರಿ, ಉತ್ಕಟತೆಯ ಬೆಲೆ

ರವೀಂದ್ರನಾಥ ಠಾಕೂರರ ‘ಜೀವನಸ್ಮೃತಿ’ಯಲ್ಲಿ (1912) ಕಾರವಾರಕ್ಕೆ ಸಿಕ್ಕಿರುವುದು ಕೆಲವೇ ಪುಟ. ಆ ಪುಟಗಳನ್ನು ನಾವು ಊರಿನ ಹೆಮ್ಮೆಗೆ ಬಳಸಿದಷ್ಟು ಓದಿಗೆ ಬಳಸಿಲ್ಲ. ಕಡಲತೀರಕ್ಕೆ ಕವಿಯ ಹೆಸರಿಟ್ಟು ಸುಮ್ಮನಾಗಿದ್ದೇವೆ. ಅಣ್ಣ ಸತ್ಯೇಂದ್ರನಾಥ ಇಲ್ಲಿ ನ್ಯಾಯಾಧೀಶರಾಗಿದ್ದಾಗ, 1880ರ ದಶಕದ ಆರಂಭದಲ್ಲಿ, ಇಪ್ಪತ್ತು ದಾಟಿದ ರವೀಂದ್ರರು ಒಂದು ಸಂಜೆ ಸಣ್ಣ ದೋಣಿಯಲ್ಲಿ ಕಾಳಿ ನದಿಯ ಮೇಲ್ಮುಖವಾಗಿ ಹೊರಟರು. ದಾರಿಯಲ್ಲಿ ಇಳಿದು ಶಿವಾಜಿಯ ಗಿರಿದುರ್ಗ ನೋಡಿದರಂತೆ. (ಅದು ಚಿತ್ತಾಕುಲದ ಸದಾಶಿವಗಡವೇ ಆಗಿದ್ದರೆ, ಆ ಕೋಟೆ ಸೋಂದೆಯ ಅರಸರದು, ಕವಿಗೆ ಇಷ್ಟು ವಿನಾಯಿತಿ ಕೊಡೋಣ.) ರೈತನೊಬ್ಬನ ಅಂಗಳದಲ್ಲಿ ಬೆಳದಿಂಗಳೂಟ ಮುಗಿಸಿ, ಬರುವಾಗ ದೋಣಿಯನ್ನು ಹರಿವಿಗೆ ಬಿಟ್ಟು, ಅಳಿವೆಯ ಹತ್ತಿರ ಇಳಿದು, ನಡುರಾತ್ರಿ ಮರಳಿನ ಮೇಲೆ ನಡೆದು ಮನೆ ಸೇರಿದರು. ಮಲಗುವ ಮುನ್ನ ಒಂದು ಪದ್ಯ ಬರೆದರು. ಅಮೆರಿಕದ ಮನಶ್ಶಾಸ್ತ್ರಜ್ಞ ಅಬ್ರಹಾಂ ಮ್ಯಾಸ್ಲೊ ‘ಶಿಖರಾನುಭವ’ವೆಂದು ವಿವರಿಸಿದ್ದರ ಗುರುತುಗಳೆಲ್ಲ ಇಲ್ಲಿವೆ: ಹೊತ್ತಿನ ಅರಿವು ಅಳಿಯುವುದು, ‘ನಾನು’ ಸಣ್ಣದಾಗುವುದು, ಬೇಡದೆಯೇ ಬಂದ ಧನ್ಯತೆ.

ಆದರೆ ಈ ಅಧ್ಯಾಯದ ಹೆಚ್ಚುಗಾರಿಕೆ ಆ ಅನುಭವದಲ್ಲಿಲ್ಲ, ಅದನ್ನು ಅನುಮಾನಿಸಿದ್ದರಲ್ಲಿದೆ. ಆ ಪದ್ಯ ತಮ್ಮ ಸಂಗ್ರಹದಲ್ಲಿ ಸೇರಿರಲಿಲ್ಲ ಎಂದು ಹೇಳಿಕೊಂಡೇ ರವೀಂದ್ರರು ಅದನ್ನು ಇಲ್ಲಿ ಕೊಡುತ್ತಾರೆ. ಮನಸ್ಸು ತುಂಬಿ ತುಳುಕುವಾಗ ಬರೆದದ್ದು ಚೆನ್ನಾಗಿಯೇ ಇರಬೇಕೆಂದಿಲ್ಲ, ನೆನಪಿಗೆ ಸರಿದ ಮೇಲೆಯೇ ಅದಕ್ಕೆ ಕಾವ್ಯದ ಬಣ್ಣ ಬರುವುದು ಎಂಬ ಅರ್ಥದ ಮಾತನ್ನೂ ಸೇರಿಸುತ್ತಾರೆ. ಅನುಭವ ಎಷ್ಟು ತೀವ್ರವಾಗಿತ್ತು ಎಂಬುದು ಅದರ ಬೆಲೆಗೆ ಸಾಕ್ಷಿಯಲ್ಲ. ಇಂದಿನ ಸಾಹಸ ವಿಹಾರ ನಿಂತಿರುವುದು ಇದಕ್ಕೆ ತದ್ವಿರುದ್ಧವಾದ ನಂಬಿಕೆಯ ಮೇಲೆ. ಇದೇ ಕಾಳಿಯ ಮೇಲ್ಭಾಗದಲ್ಲಿ, ಗಣೇಶಗುಡಿಯ ಸುತ್ತ, ಸೂಪಾ ಅಣೆಕಟ್ಟೆಯಿಂದ ಬಿಟ್ಟ ನೀರಿನ ಮೇಲೆ ರಾಫ್ಟಿಂಗ್ ನಡೆಯುತ್ತದೆ. ಅಲ್ಲಿ ಮಾರಾಟವಾಗುವುದು ಎದೆಬಡಿತ. ಎರಿಕ್ ಆರ್ನಲ್ಡ್ ಮತ್ತು ಲಿಂಡಾ ಪ್ರೈಸ್ 1993ರಲ್ಲಿ ಅಮೆರಿಕದ ರಾಫ್ಟಿಂಗ್ ಪ್ರವಾಸಿಗರ ಬಗ್ಗೆ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ಹೇಳುತ್ತದೆ. ಅಲ್ಲಿನವರ ತೃಪ್ತಿಯ ಬೇರುಗಳು ನಿಸರ್ಗದೊಂದಿಗಿನ ಸಾಮರಸ್ಯ, ಜೊತೆಗಾರರೊಡನೆ ಬೆಳೆದ ಬಂಧ, ತಾನು ಹೊಸದಾದೆನೆಂಬ ಭಾವ. ಇವು ಒಂದು ರಭಸದ ಇಳಿಜಾರಿನಲ್ಲಿ ಹುಟ್ಟುವಂಥವಲ್ಲ. ಇಡೀ ಪಯಣ ಕತೆಯಾಗಿ ಕೂಡಿಕೊಳ್ಳುತ್ತ ಹೋದಂತೆ ಬರುವಂಥವು. ಸ್ವತಃ ಮ್ಯಾಸ್ಲೊ 1970ರ ಒಂದು ಮುನ್ನುಡಿಯಲ್ಲಿ, ಶಿಖರಗಳ ಬೆನ್ನು ಹತ್ತುವ ಚಟದ ಬಗ್ಗೆ ಎಚ್ಚರಿಸಿ, ಶಾಂತವಾಗಿ ಬಾಳಿಕೆ ಬರುವ ಪ್ರಸ್ಥಭೂಮಿಯಂಥ ಅನುಭವವೂ ಇದೆ ಎಂದರು.

ಬೆಳದಿಂಗಳ ದೋಣಿವಿಹಾರ ಸಾಹಸವೇ ಅಲ್ಲ, ಅದನ್ನು ರಾಫ್ಟಿಂಗ್ ಪಕ್ಕ ಇಡುವುದು ಸಲ್ಲದು ಎನ್ನಬಹುದು. ಆಕ್ಷೇಪ ಅರ್ಧ ನಿಜ. ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್ಸೆಂಟ್‌ಮಿಹಾಯ್ 1975ರ ಪುಸ್ತಕದಲ್ಲಿ ಬಂಡೆ ಹತ್ತುವವರನ್ನೂ ಚೆಸ್ ಆಡುವವರನ್ನೂ ಪರಿಶೀಲಿಸಿ ಕಂಡುಕೊಂಡ ತಲ್ಲೀನತೆಗೆ, ಸವಾಲಿಗೆ ಸರಿಸಾಟಿಯಾದ ಕೌಶಲ ಬೇಕು. ರವೀಂದ್ರರ ದೋಣಿಯಲ್ಲಿ ಪ್ರಯಾಣಿಕನಿಗೆ ಯಾವ ಕೌಶಲವೂ ಬೇಕಿರಲಿಲ್ಲ. ಆದರೂ ಶಿಖರಾನುಭವ ಬಂತೆಂದರೆ ಅದೂ ಈ ತಲ್ಲೀನತೆಯೂ ಒಂದೇ ಅಲ್ಲವೆಂದಾಯಿತು. ಅಪಾಯ ಹೆಚ್ಚಿಸಿದರೆ ಧನ್ಯತೆಯೂ ಹೆಚ್ಚುತ್ತದೆಂಬ ಲೆಕ್ಕ ಅಲ್ಲಿಗೇ ಕುಸಿಯಿತು. ಇನ್ನು ಕೆಲವರು, ಆನಂದಕ್ಕೆ ಫಲ ಯಾಕೆ ಕೇಳಬೇಕು, ಆನಂದವೇ ಸಾಲದೇ ಎಂದಾರು. ಅನುಭವಿಸಿದವನಿಗೆ ಸಾಕು. ಅದು ತನ್ನನ್ನು ಬದಲಿಸಿತು ಎಂದು ಅವನು ಸಾರತೊಡಗಿದಾಗ ಮಾತ್ರ ಏನು ಬದಲಾಯಿತೆಂದು ಕೇಳುವ ಹಕ್ಕು ನಮಗಿದೆ. ರವೀಂದ್ರರ ಬಳಿ ಉತ್ತರವಿತ್ತು, ಅದು ಆ ರಾತ್ರಿಯ ಪದ್ಯವಲ್ಲ. ಕಾರವಾರದಲ್ಲೇ ಬರೆದ ‘ಪ್ರಕೃತಿರ್ ಪ್ರತಿಶೋಧ’ ನಾಟಕದಲ್ಲಿ ಎಲ್ಲ ಬಂಧ ಹರಿದುಕೊಂಡ ಸನ್ಯಾಸಿಯನ್ನು ಒಬ್ಬ ಹುಡುಗಿಯ ಮಮತೆ ಲೋಕಕ್ಕೆ ಮರಳಿ ತರುತ್ತದೆ. ತಮ್ಮ ಮುಂದಿನ ಬರವಣಿಗೆಗೆಲ್ಲ ಅದು ಪೀಠಿಕೆ ಎಂದು ಅವರೇ ಕಾರವಾರದ ನಂತರದ ಅಧ್ಯಾಯದಲ್ಲಿ ಗುರುತಿಸುತ್ತಾರೆ.

ಅಧ್ಯಾಯದ ಕೊರತೆಯೊಂದನ್ನು ಮಾತ್ರ ಮುಚ್ಚಿಡಲಾಗದು. ದೋಣಿ ಯಾರು ನಡೆಸಿದರೆಂಬ ಮಾತೇ ಅಲ್ಲಿಲ್ಲ. ಭರತ ಇಳಿತದ ಹೊತ್ತು, ಅಳಿವೆಯ ಮರಳದಿಬ್ಬ ಬಲ್ಲವರ ಎಚ್ಚರದ ಮೇಲೆಯೇ ಪ್ರಯಾಣಿಕನ ಮೈಮರೆವು ನಿಂತಿರುತ್ತದೆ. 2019ರ ಜನವರಿಯಲ್ಲಿ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ ಹಲವರು ಪ್ರಾಣ ಕಳೆದುಕೊಂಡದ್ದು ಇದೇ ಕಾರವಾರದ ಕಡಲಲ್ಲಿ. ಆರ್ನಲ್ಡ್ ಮತ್ತು ಪ್ರೈಸ್ ತಮ್ಮ ಅಧ್ಯಯನದಲ್ಲಿ ರಾಫ್ಟ್ ನಡೆಸುವ ಮಾರ್ಗದರ್ಶಿಗೆ ದೊಡ್ಡ ಜಾಗ ಕೊಟ್ಟರು. ಕವಿ ಒಂದು ವಾಕ್ಯವನ್ನೂ ಕೊಡಲಿಲ್ಲ.