ನಾಲ್ಕು ಸಾಲಿನ ಸುರುಳಿ

ಇಲಿಯ ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡ ಎಲುಬಿನ ಗೂಡೊಂದಿದೆ. ಕಾಕ್ಲಿಯ ಎನ್ನುತ್ತಾರೆ. ಕಡಲೆಕಾಳಿಗಿಂತ ಚಿಕ್ಕದು. ಎಲುಬನ್ನು ದ್ರಾವಣದಲ್ಲಿಟ್ಟು ಮೆತ್ತಗಾಗಿಸಿ, ಒಳಗಿನ ಪೊರೆಯನ್ನು ಹರಿಯದಂತೆ ತುಂಡುತುಂಡಾಗಿ ಬಿಡಿಸಿ ಗಾಜಿನ ಮೇಲೆ ಹಾಸುತ್ತಾರೆ. ಬಣ್ಣ ಕೊಡಲು ಫ್ಯಾಲಾಯ್ಡಿನ್; ಕೊಲ್ಲುವ ಅಣಬೆಯೊಂದರ ವಿಷ ಅದು. ಅದಕ್ಕೆ ಹೊಳೆಯುವ ಬಣ್ಣ ಅಂಟಿಸಿ ಬಿಟ್ಟರೆ, ಕೇಳುವ ಕೋಶಗಳ ಕೂದಲಲ್ಲಿರುವ ಆಕ್ಟಿನ್ ಪ್ರೋಟೀನನ್ನು ಹುಡುಕಿ ಹಿಡಿಯುತ್ತದೆ.

ಹೀಗೆ ತೆಗೆದ ಚಿತ್ರಗಳನ್ನು ಎಷ್ಟು ನೋಡಿದರೂ ನನ್ನ ಕಣ್ಣು ತಣಿಯುವುದಿಲ್ಲ. ಕಪ್ಪು ನೆಲದ ಮೇಲೆ ಒಳಬದಿಗೆ ಒಂದೇ ಸಾಲು, ಹೊರಬದಿಗೆ ಮೂರು. ಒಳಗಿನವು ಸಾವಿರದ ಹತ್ತಿರ, ಹೊರಗಿನವು ಸುಮಾರು 3,500. ಹೊರಸಾಲಿನ ಪ್ರತಿ ಕೋಶದ ನೆತ್ತಿಯಲ್ಲೂ ರೆಕ್ಕೆ ಬಿಚ್ಚಿದ ಹಕ್ಕಿಯಂಥ ಕೂದಲ ಗೊಂಚಲು, ಎಲ್ಲವೂ ಒಂದೇ ದಿಕ್ಕಿಗೆ ಮುಖಮಾಡಿ. ನುರಿತ ಕೈ ಒಂದೇ ಉಸಿರಿನಲ್ಲಿ ಎಳೆದ ರಂಗೋಲಿಯ ಸಾಲು. ಸುರುಳಿಯ ಬುಡದಲ್ಲಿ ತಾರ, ತುದಿಯಲ್ಲಿ ಮಂದ್ರ. ಒಂದೊಂದು ಸ್ವರಕ್ಕೂ ಅದರದೇ ಜಾಗ. ನಮಗೆ 20,000 ಹರ್ಟ್ಸ್‌ಗೆ ಲೋಕ ಮುಗಿಯುತ್ತದೆ, ಇಲಿಗೆ 80,000ದ ಆಸುಪಾಸಿನವರೆಗೂ ಇದೆ. ಕಚಗುಳಿ ಇಟ್ಟರೆ ಇಲಿ 50,000 ಹರ್ಟ್ಸ್‌ನಲ್ಲಿ ಚಿಲಿಪಿಲಿಗುಟ್ಟುತ್ತದೆ ಎಂಬುದನ್ನು 1990ರ ದಶಕದ ಕೊನೆಯಲ್ಲಿ ನರವಿಜ್ಞಾನಿ ಯಾಕ್ ಪಾಂಕ್‌ಸೆಪ್ ಕಂಡುಕೊಂಡರು; ಕೇಳಲು ಅವರಿಗೆ ಬಾವಲಿಗಳ ದನಿ ಹಿಡಿಯುವ ಯಂತ್ರವೇ ಬೇಕಾಯಿತು.

ಎರಡು ವರ್ಷಕ್ಕೆ ಇಲಿ ಮುದಿ. ಆಗಿನ ಚಿತ್ರದಲ್ಲಿ ಸಾಲುಗಳ ನಡುವೆ ಅಲ್ಲಲ್ಲಿ ಖಾಲಿ. ಆದರೆ ಆ ಖಾಲಿ ತೂತಲ್ಲ. ಕೋಶ ಸತ್ತ ಕಡೆ ಪಕ್ಕದ ಆಸರೆ ಕೋಶಗಳು ಹಿಗ್ಗಿ, ಒಂದಕ್ಕೊಂದು ಮೈ ತಾಗಿಸಿ, ದ್ರವ ಸೋರದಂತೆ ಮುಚ್ಚಿಬಿಟ್ಟಿರುತ್ತವೆ. ಹರಿದ ಸೀರೆಗೆ ಅಜ್ಜಿ ಹಾಕಿದ ಹೊಲಿಗೆಯಂತೆ ಆ ಗುರುತು ಸ್ಪಷ್ಟ. ಕೋಳಿಮರಿಗಾದರೆ ಕೋಶ ಮತ್ತೆ ಹುಟ್ಟುತ್ತದೆ. ಇಲಿಗೂ ನಮಗೂ ಹೊಲಿಗೆಯಷ್ಟೇ. ಈ ಚಂದ ಕಾಣಲು ಒಂದು ಇಲಿ ಜೀವ ತೆತ್ತಿದೆ ಎಂಬುದನ್ನು ಮರೆತು ನೋಡಲು ನನ್ನಿಂದಾಗದು.

ಸಂಶೋಧಕರಾದ ಎಲಿಜಬೆತ್ ಕೀಥ್ಲಿ ಮತ್ತು ಮಾರ್ಟಿನ್ ಫೆಲ್ಡ್‌ಮನ್ ಬೇರೆ ಬೇರೆ ವಯಸ್ಸಿನ ಇಲಿಗಳ ಈ ಕೋಶಗಳನ್ನು ಎಣಿಸಿ 1982ರಲ್ಲಿ ಪ್ರಕಟಿಸಿದರು. ಆ ತಾಳ್ಮೆಗೆ ಕೈಮುಗಿಯಬೇಕು. ಹೊರಸಾಲುಗಳು ಸವೆಯುತ್ತವೆ, ಒಳಸಾಲು ಬಹುಮಟ್ಟಿಗೆ ನಿಂತೇ ಇರುತ್ತದೆ. ಪ್ರಾಗ್‌ನಲ್ಲಿ ಯೋಸೆಫ್ ಸಿಕಾ ಅವರ ತಂಡ ಬೇಗ ಕಿವಿ ಮಂದವಾಗುವ ಫಿಶರ್ 344 ತಳಿಯನ್ನು ಲಾಂಗ್-ಇವಾನ್ಸ್ ತಳಿಯ ಜೊತೆಗಿಟ್ಟು ನೋಡಿತು. ಫಿಶರ್ ಇಲಿಗಳಲ್ಲಿ ಕೆಡುಕು ಕೂದಲ ಕೋಶಗಳದ್ದು ಮಾತ್ರವಲ್ಲ, ಅವಕ್ಕೆ ವಿದ್ಯುತ್ ಒದಗಿಸುವ ಪಕ್ಕದ ಗೋಡೆಯದ್ದೂ ಹೌದು. ಬತ್ತಿಯೂ ಸವೆದು ಎಣ್ಣೆಯೂ ಬತ್ತಿದ ದೀಪ.

ಕಿವಿಯ ಕೋಶ ಮರಳದಿದ್ದರೂ ಮಿದುಳು ಕಲಿಯಬಲ್ಲದು. 2010ರಲ್ಲಿ ನರವಿಜ್ಞಾನಿ ಮೈಕೆಲ್ ಮರ್ಜೆನಿಕ್ ಅವರ ತಂಡ ಮುದಿ ಇಲಿಗಳಿಗೆ ಒಂದು ಪಾಠ ಹೇಳಿಕೊಟ್ಟಿತು: ಒಂದೇ ಸ್ವರ ಮತ್ತೆ ಮತ್ತೆ ಬರುವಾಗ ನಡುವೆ ನುಸುಳಿದ ಬೇರೆ ಸ್ವರವನ್ನು ಗುರುತಿಸಿದರೆ ತಿನಿಸು. ಸುಮಾರು ಒಂದು ತಿಂಗಳ ಅಭ್ಯಾಸದಲ್ಲಿ ಮಿದುಳಿನ ಶ್ರವಣ ಭಾಗ ತನ್ನ ಎಳೆತನದ ಚುರುಕನ್ನು ಬಹಳಷ್ಟು ಮರಳಿ ಪಡೆಯಿತು. ಆ ಪಂಜರವನ್ನು ನಾನು ಆಗಾಗ ಕಲ್ಪಿಸಿಕೊಳ್ಳುತ್ತೇನೆ. ಟಕ್, ಟಕ್, ಟಕ್, ಆಮೇಲೆ ಬೇರೆಯದೊಂದು. ಮುದಿ ಇಲಿ ತಲೆ ಎತ್ತುತ್ತದೆ.