ಹನ್ನೊಂದನೆಯ ದಳ ಮತ್ತು ಅದರ ಒಂದು ರಾತ್ರಿ

ಹನ್ನೊಂದನೆಯ ಡಿಸ್ಟ್ರಾಯರ್ ದಳದ ಹೆಸರನ್ನು ಭಾರತದಲ್ಲಿ ಉಳಿಸಿರುವುದು ಅದರ ಒಂದೇ ಒಂದು ಹಡಗು, ಆ ಹಡಗಿನ ಒಂದೇ ಒಂದು ರಾತ್ರಿ. 1971ರ ಡಿಸೆಂಬರ್ 3–4ರ ನಡುರಾತ್ರಿ ವಿಶಾಖಪಟ್ಟಣದ ಬಾಯಲ್ಲಿ ಐಎನ್‌ಎಸ್ ರಜಪೂತ್ ಪಾಕಿಸ್ತಾನದ ಘಾಜಿ ಎಂಬ ಜಲಾಂತರ್ಗಾಮಿಯನ್ನು ಮುಳುಗಿಸಿತು ಎಂಬ ಕತೆ ಪ್ರತಿವರ್ಷ ನೌಕಾದಿನದ ಹೊತ್ತಿಗೆ ತಪ್ಪದೆ ಅಚ್ಚಾಗುತ್ತದೆ. ದಳ ನಿಜವಾಗಿ ಮಾಡಿದ ಕೆಲಸಕ್ಕೆ ಆ ಲೇಖನಗಳಲ್ಲಿ ಒಂದು ಸಾಲೂ ಸಿಗುವುದಿಲ್ಲ. ಮಾಡಿತೆಂದು ಹೇಳಲಾಗದ ಕೆಲಸಕ್ಕೆ ಸ್ಮಾರಕವೇ ಎದ್ದಿದೆ.

ಎರಡನೇ ಮಹಾಯುದ್ಧದ ಬ್ರಿಟಿಷ್ ಆರ್ ವರ್ಗದ ಎಂಟು ಹಡಗುಗಳು ಈ ದಳದ ಮೂಲ. ರೋದರ್‌ಹ್ಯಾಮ್ ನಾಯಕ ಹಡಗು; ರೇಸ್‌ಹಾರ್ಸ್, ರೈಡರ್, ರ್‍ಯಾಪಿಡ್, ರಿಡೌಟ್, ರಿಲೆಂಟ್‌ಲೆಸ್, ರಾಕೆಟ್, ರೋಬಕ್ ಉಳಿದವು. ಒಂದೊಂದರಲ್ಲಿ 4.7 ಇಂಚಿನ ನಾಲ್ಕು ತೋಪು, ಎಂಟು ಟಾರ್ಪಿಡೊ ಕೊಳವೆ, ಹಿಂಬದಿಯಲ್ಲಿ ಜಲಾಂತರ್ಗಾಮಿಗಳನ್ನು ಹೊಡೆಯುವ ಡೆಪ್ತ್ ಚಾರ್ಜ್‌ಗಳ ಸಾಲು. ಡಿಸ್ಟ್ರಾಯರ್ ಒಂಟಿಯಾಗಿ ಕಾದಾಡುವ ಹಡಗಲ್ಲ. ದೊಡ್ಡ ಹಡಗುಗಳ ಸುತ್ತ ಬೇಲಿಯಂತೆ ನಿಲ್ಲುವುದು, ನಾಯಕನ ಸಂಕೇತಕ್ಕೆ ಎಲ್ಲರೂ ಒಟ್ಟಿಗೆ ತಿರುಗುವುದು, ಇವು ದಳದ ಶಿಸ್ತು. ಟ್ರಿಂಕೋಮಲಿಯಲ್ಲಿ ನೆಲೆಯೂರಿದ್ದ ಬ್ರಿಟಿಷರ ಪೂರ್ವ ನೌಕಾಪಡೆಗೆ ಈ ಹಡಗುಗಳು ಅಂಥ ಬೇಲಿಯಾಗಿದ್ದವು.

ಅವುಗಳ ಅತ್ಯುತ್ತಮ ಕೆಲಸ ನಡೆದದ್ದು 1944ರಲ್ಲಿ, ಹೆಚ್ಚಿನವರು ಕೇಳಿರದ ನೀರಿನಲ್ಲಿ. ಪೆನಾಂಗ್‌ನಿಂದ ಹೊರಟು ಹಿಂದೂ ಮಹಾಸಾಗರದಲ್ಲಿ ಬೇಟೆಯಾಡುತ್ತಿದ್ದ ಜರ್ಮನ್ ಜಲಾಂತರ್ಗಾಮಿಗಳಿಗೆ ಎಣ್ಣೆ ಒದಗಿಸಲು ಎರಡು ಟ್ಯಾಂಕರುಗಳು ದೂರದ ದಕ್ಷಿಣದಲ್ಲಿ ಕಾದುಕೊಂಡಿದ್ದವು. ಫೆಬ್ರವರಿ 12ರಂದು ರಿಲೆಂಟ್‌ಲೆಸ್ ಷಾರ್ಲೊಟ್ ಷ್ಲೀಮನ್ ಎಂಬುದನ್ನೂ, ಸರಿಯಾಗಿ ಒಂದು ತಿಂಗಳ ಮೇಲೆ ಮಾರ್ಚ್ 12ರಂದು ರೋಬಕ್ ಬ್ರಾಕೆ ಎಂಬುದನ್ನೂ ಮುಗಿಸಿದವು. ವಿಮಾನಗಳು ಸುಳಿವು ಕೊಟ್ಟವು, ಡಿಸ್ಟ್ರಾಯರುಗಳು ಓಡಿ ಹಿಡಿದವು. ಎಣ್ಣೆಯಿಲ್ಲದ ಜಲಾಂತರ್ಗಾಮಿಗಳು ಕೆಲಸ ಅರ್ಧಕ್ಕೆ ಬಿಟ್ಟು ಬಂದರುಗಳತ್ತ ತಿರುಗಿದವು. ಮುಂದೆ 1945ರ ಸೆಪ್ಟೆಂಬರಿನಲ್ಲಿ ಸಿಂಗಾಪುರದ ನೌಕಾನೆಲೆಯನ್ನು ಜಪಾನೀಯರಿಂದ ವಹಿಸಿಕೊಂಡದ್ದು ರೋದರ್‌ಹ್ಯಾಮ್. ಅಲ್ಲಿನ ಒಂದು ದ್ವಾರಕ್ಕೆ ಆ ಹಡಗಿನ ಹೆಸರೇ ಬಂತು.

1949ರಲ್ಲಿ ಭಾರತ ಇವುಗಳಲ್ಲಿ ಮೂರನ್ನು ಕೊಂಡಿತು. ರಿಡೌಟ್ ರಣಜಿತ್ ಆಯಿತು, ರೈಡರ್ ರಾಣಾ ಆಯಿತು, ನಾಯಕ ಹಡಗು ರೋದರ್‌ಹ್ಯಾಮ್ ರಜಪೂತ್ ಆಯಿತು. ದಳದ ಸಂಖ್ಯೆ ಹನ್ನೊಂದೇ ಉಳಿಯಿತು. ಅದಕ್ಕೆ ಮೊದಲು ಭಾರತದ ಬಳಿಯಿದ್ದದ್ದು ಡೆಲ್ಲಿ ಎಂಬ ಒಂದು ಕ್ರೂಸರ್, ಕೆಲವು ಸ್ಲೂಪ್, ಫ್ರಿಗೇಟ್ ಮತ್ತು ಮೈನ್ ಗುಡಿಸುವ ಹಡಗುಗಳು. ಮೂವತ್ತು ನಾಟ್ ವೇಗದಲ್ಲಿ ಕತ್ತಲಲ್ಲಿ ಒಂದರ ಬೆನ್ನಿಗೆ ಇನ್ನೊಂದು ಸಾಗುವ ವಿದ್ಯೆಯನ್ನು ಒಂದು ಇಡೀ ಪೀಳಿಗೆ ಈ ಮೂರು ಹಳೆಯ ಹಡಗುಗಳ ಮೇಲೆ ಕಲಿತಿತು. ಕಲಿಸುವ ಕೆಲಸಕ್ಕೆ ಪದಕವಿಲ್ಲದ ಕಾರಣ ಚರಿತ್ರೆಕಾರರು ಇಪ್ಪತ್ತು ವರ್ಷಗಳನ್ನು ಒಂದೇ ನೆಗೆತಕ್ಕೆ ದಾಟಿ 1971ಕ್ಕೆ ಬಂದು ನಿಲ್ಲುತ್ತಾರೆ.

ಆ ರಾತ್ರಿಯ ಹಿನ್ನೆಲೆ ಎಲ್ಲರಿಗೂ ಗೊತ್ತಿರುವಂಥದ್ದು. ವಿಕ್ರಾಂತ್ ವಿಮಾನವಾಹಕವನ್ನು ಹುಡುಕಿಕೊಂಡು ಘಾಜಿ ನವೆಂಬರ್ 14ರಂದು ಕರಾಚಿ ಬಿಟ್ಟಿತ್ತು. ವಿಕ್ರಾಂತ್ ಅಂಡಮಾನಿನ ಕಡೆ ಸರಿದಿತ್ತು. ಪೂರ್ವ ಕಮಾಂಡಿನ ಮುಖ್ಯಸ್ಥ ವೈಸ್ ಅಡ್ಮಿರಲ್ ಎನ್. ಕೃಷ್ಣನ್ ರಜಪೂತ್‌ಗೆ ವಿಕ್ರಾಂತ್‌ನ ವೇಷ ಕಟ್ಟಿಸಿದರು: ಒಂದು ಡಿಸ್ಟ್ರಾಯರಿನಿಂದ ವಿಮಾನವಾಹಕದಷ್ಟು ವೈರ್‌ಲೆಸ್ ಗದ್ದಲ, ಪಡೆಯೇ ಬಂದಿಳಿದಂತೆ ವಿಶಾಖಪಟ್ಟಣದಲ್ಲಿ ಮಾಂಸ ತರಕಾರಿಗಳ ಬೇಡಿಕೆ, ವಿಕ್ರಾಂತ್‌ನ ನಾವಿಕನೊಬ್ಬ ತಾಯಿಯ ಆರೋಗ್ಯ ವಿಚಾರಿಸಿದಂತೆ ಒಂದು ಖಾಸಗಿ ತಂತಿ. ವೇಷ ಫಲಿಸಿತು. ಘಾಜಿ ವಿಶಾಖಪಟ್ಟಣದ ಬಾಗಿಲಿಗೇ ಬಂತು.

ಆಮೇಲಿನದನ್ನು ನಿಧಾನವಾಗಿ ನೋಡಬೇಕು. ಲೆಫ್ಟಿನೆಂಟ್ ಕಮಾಂಡರ್ ಇಂದರ್ ಸಿಂಗ್ ಅವರ ರಜಪೂತ್ ನಡುರಾತ್ರಿಯ ಹೊತ್ತಿಗೆ ಬಂದರಿನಿಂದ ಹೊರಬರುತ್ತದೆ. ನೀರು ಕಲಕಿದ್ದು ಕಂಡು ಎರಡು ಡೆಪ್ತ್ ಚಾರ್ಜ್ ಉರುಳಿಸಿ ತನ್ನ ದಾರಿ ಹಿಡಿಯುತ್ತದೆ. ನಡುರಾತ್ರಿ ಕಳೆದು ಸ್ವಲ್ಪ ಹೊತ್ತಿಗೆ ನಗರಕ್ಕೆ ದೊಡ್ಡ ಸ್ಫೋಟ ಕೇಳಿಸುತ್ತದೆ. ಇಡೀ ಖ್ಯಾತಿ ನಿಂತಿರುವುದು ಡ್ರಮ್ಮಿನಂಥ ಆ ಎರಡು ಡೆಪ್ತ್ ಚಾರ್ಜ್ ಮೇಲೆ.

ಡೆಪ್ತ್ ಚಾರ್ಜ್ ಹೇಗೆ ಕೊಲ್ಲುತ್ತದೆ ಎಂಬುದನ್ನು ಪುತ್ತೂರು, ಸುಳ್ಯ, ಕಡಬದವರಿಗೆ ವಿವರಿಸಬೇಕಾಗಿಲ್ಲ. ಕುಮಾರಧಾರೆಯಲ್ಲೂ ಪಯಸ್ವಿನಿಯಲ್ಲೂ ಮೀನು ಹಿಡಿಯಲು ಕದ್ದು ತೋಟೆ ಹಾಕುವವರ ಕೆಲಸವನ್ನು ದಡದಲ್ಲಿ ನಿಂತು ಕಂಡವರಿದ್ದಾರೆ. ತೋಟೆ ಮೀನಿಗೆ ತಾಗುವುದಿಲ್ಲ. ನೀರು ಸುಲಭಕ್ಕೆ ಕುಗ್ಗದ ವಸ್ತುವಾದ್ದರಿಂದ ಸಿಡಿತದ ಪೆಟ್ಟು ಅದರೊಳಗೆ ಹಾಯ್ದು ಮೀನಿನ ಗಾಳಿಚೀಲ ಒಡೆಯುತ್ತದೆ. ಕೆಲವು ಮೀನು ಹೊಟ್ಟೆ ಮೇಲಾಗಿ ತೇಲುತ್ತವೆ. ಆದರೆ ಕಯದ ಈ ಕರೆಯಲ್ಲಿ ಸಿಡಿದರೆ ಆ ಕರೆಯ ಮೀನು ಬದುಕಿಕೊಳ್ಳುತ್ತದೆ. ಉಕ್ಕಿನ ಮೀನಿಗೆ ಅಳತೆ ಇನ್ನೂ ಬಿಗಿ. ಬ್ರಿಟಿಷರ ಮಾರ್ಕ್ 7 ಡ್ರಮ್ಮಿನೊಳಗೆ ಸುಮಾರು 130 ಕಿಲೋ ಸ್ಫೋಟಕ. ಜಲಾಂತರ್ಗಾಮಿಯ ಒಡಲು ಸೀಳಬೇಕಾದರೆ ಅದು ಆರು ಮೀಟರಿನೊಳಗೆ ಸಿಡಿಯಬೇಕು, ಹನ್ನೆರಡು ಮೀಟರಿನಲ್ಲಿ ಸಿಡಿದರೆ ಗಾಯಗೊಳಿಸಿ ಮೇಲೆಬ್ಬಿಸೀತು. ಈ ಕಾರಣಕ್ಕೇ ಯುದ್ಧಕಾಲದಲ್ಲಿ ಹತ್ತು ಡ್ರಮ್ಮುಗಳನ್ನು ಬೇರೆಬೇರೆ ಆಳಕ್ಕೆ ಹೊಂದಿಸಿ ಒಟ್ಟಿಗೆ ಎಸೆಯುವ ಪದ್ಧತಿ ಬೆಳೆಯಿತು. ಹಾಗೆ ಎಸೆದೂ ಬ್ರಿಟಿಷರ ಲೆಕ್ಕದಲ್ಲಿ 5,174 ದಾಳಿಗಳಿಗೆ ಸಿಕ್ಕ ಬಲಿ 85.5, ಅಂದರೆ ಅರವತ್ತು ದಾಳಿಗೆ ಒಂದು. ಅವೂ ಬಹುಪಾಲು ಸೋನಾರ್‌ನಿಂದ ಗುರಿ ಹಿಡಿದ ಮೇಲಿನ ದಾಳಿಗಳು. ಕಲಕಿದ ನೀರನ್ನು ಕಣ್ಣಿನಿಂದ ಕಂಡು ಉರುಳಿಸಿದ ಎರಡು ಡ್ರಮ್ಮು ನೇರ ಮರ್ಮಕ್ಕೇ ಬಿದ್ದವೆಂಬುದು ಅಸಾಧ್ಯವಲ್ಲ. ಲಾಟರಿ ಹೊಡೆಯುವುದೂ ಅಸಾಧ್ಯವಲ್ಲ.

ಒಡೆದ ಘಾಜಿಯ ಸಾಕ್ಷ್ಯವೂ ಇದೇ ದಿಕ್ಕಿಗೆ ಬೊಟ್ಟು ಮಾಡುತ್ತದೆ. ಹಾನಿ ಮುಂಭಾಗದಲ್ಲಿ, ಒಳಗಿನಿಂದ ಹೊರಕ್ಕೆ ಸಿಡಿದ ಬಗೆಯದು ಎಂಬುದು ಬಹುಕಾಲದಿಂದ ಚರ್ಚೆಯಲ್ಲಿರುವ ವಿವರ. ಘಾಜಿ ಟಾರ್ಪಿಡೊಗಳ ಜೊತೆಗೆ ಮೈನುಗಳನ್ನೂ ಹೊತ್ತಿತ್ತು. ಅದು ತನ್ನ ಮೈನಿಗೇ ಬಲಿಯಾಯಿತು ಎಂಬುದು ಪಾಕಿಸ್ತಾನದ ನಿಲುವು. ರಜಪೂತ್‌ನ ಪಕ್ಷದಿಂದ ಹೇಳಬಹುದಾದದ್ದು ಇಷ್ಟು: ಹತ್ತಿರದಲ್ಲಿ ಸಿಡಿದ ಡ್ರಮ್ಮಿನ ಪೆಟ್ಟಿಗೆ ಒಳಗಿನ ಮೈನು ಸಿಡಿದಿರಬಹುದು. ಸಾಧ್ಯ. ಆದರೆ ಸಾಧ್ಯತೆಯೊಂದರ ಮೇಲೆ ಇಷ್ಟು ಎತ್ತರದ ಖ್ಯಾತಿ ಕಟ್ಟಲಾಗದು.

ಈ ವಿಷಯದಲ್ಲಿ ಬರೆದವರ ಜಗಳ ಘಟನೆಗಿಂತ ಸ್ವಾರಸ್ಯದ್ದು. ಕೃಷ್ಣನ್ ತಮ್ಮ ಆತ್ಮಕಥೆಯಲ್ಲಿ ಶ್ರೇಯಸ್ಸನ್ನು ತಮ್ಮ ಹಡಗಿಗೇ ಕೊಟ್ಟರು. ತಂತ್ರ ಹೂಡಿದವರು ಫಲವನ್ನೂ ತಮ್ಮದೆನ್ನುವುದು ಸಹಜ. ಭೂಸೇನೆಯ ಲೆಫ್ಟಿನೆಂಟ್ ಜನರಲ್ ಜೆ.ಎಫ್.ಆರ್. ಜೇಕಬ್ 1997ರ ಪುಸ್ತಕದಲ್ಲಿ ಬೇರೆಯೇ ಮಾತು ಹೇಳಿದರು: ಮೀನುಗಾರರಿಗೆ ಅವಶೇಷ ಸಿಕ್ಕಿದೆಯೆಂದು ಕೃಷ್ಣನ್ ಡಿಸೆಂಬರ್ 3ರ ಬೆಳಿಗ್ಗೆಯೇ ತಮಗೆ ಫೋನ್ ಮಾಡಿದ್ದರು, ಆಮೇಲೆ ಆ ಮಾತುಕತೆಯನ್ನು ಮರೆಯಲು ಕೇಳಿಕೊಂಡರು ಎಂದು. ಇದು ನಿಜವಾದರೆ ಯುದ್ಧ ಶುರುವಾಗುವ ಮೊದಲೇ ಘಾಜಿ ಮುಳುಗಿತ್ತು, ಡ್ರಮ್ಮುಗಳ ಪ್ರಶ್ನೆಯೇ ಏಳುವುದಿಲ್ಲ. ಜೇಕಬ್ ಹೇಳಿದ್ದೂ ಒಬ್ಬರ ನೆನಪಷ್ಟೆ, ಅದೂ ಇಪ್ಪತ್ತೈದು ವರ್ಷ ಹಳೆಯದು. ಅದನ್ನು ವೇದವಾಕ್ಯ ಮಾಡುವವರು ಕೃಷ್ಣನ್‌ರ ಭಕ್ತರಷ್ಟೇ ಅವಸರದವರು. ನೌಕಾಪಡೆಯದೇ ಇತಿಹಾಸ ಬರೆದ ವೈಸ್ ಅಡ್ಮಿರಲ್ ಜಿ.ಎಂ. ಹಿರಾನಂದಾನಿ ಬೇರೆಬೇರೆ ವಾದಗಳನ್ನು ಎದುರಿಟ್ಟು ಎಚ್ಚರಿಕೆಯಿಂದ ನಡೆದುಕೊಂಡರು. ಸ್ವಂತ ಪಡೆಯ ಚರಿತ್ರೆಕಾರ ಅಷ್ಟು ಹುಷಾರಾಗಿರುವಾಗ ನೌಕಾದಿನದ ಲೇಖನಗಳಿಗೆ ಅಷ್ಟು ಧೈರ್ಯ ಎಲ್ಲಿಂದ ಬರುತ್ತದೆಯೋ! 2017ರ ‘ದಿ ಘಾಜಿ ಅಟ್ಯಾಕ್’ ಚಿತ್ರವಂತೂ ಬೇಟೆಯ ಯಶಸ್ಸನ್ನು ಎಸ್-21 ಎಂಬ ಭಾರತೀಯ ಜಲಾಂತರ್ಗಾಮಿಗೆ ಕೊಟ್ಟು ರಜಪೂತ್‌ನ ಕೈಯಿಂದ ಕತೆಯನ್ನೇ ಕಸಿದುಕೊಂಡಿತು.

ಮಾಡದ ಕೆಲಸದ ಶ್ರೇಯಸ್ಸನ್ನು ಹಡಗಿಗೆ ಕಟ್ಟುವ ಚಟದ ಇನ್ನೊಂದು ಉದಾಹರಣೆ ಕಾರವಾರದ ಕಡಲತೀರದಲ್ಲಿದೆ. ಅಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತ ಚಪಲ್ ಕ್ಷಿಪಣಿ ದೋಣಿ 1971ರ ಯುದ್ಧದಲ್ಲಿ ಹೋರಾಡಿತೆಂದು ಪ್ರವಾಸಿ ಬರಹಗಳು ಹೇಳುತ್ತವೆ. ಅದು ನೌಕಾಪಡೆಗೆ ಸೇರಿದ್ದೇ 1976ರಲ್ಲಿ. ಆ ಯುದ್ಧದಲ್ಲಿ ಕರಾಚಿಯ ಮೇಲೆ ಎರಗಿದ್ದು ಅದರ ಅಣ್ಣಂದಿರಾದ ಹಿಂದಿನ ಕ್ಷಿಪಣಿ ದೋಣಿಗಳು.

ಆ 1976ರಲ್ಲೇ ರಜಪೂತ್ ಮತ್ತು ರಾಣಾ ಸೇವೆಯಿಂದ ಇಳಿದವು. ರಣಜಿತ್ 1979ರವರೆಗೆ ತೇಲಿತು. ರಜಪೂತ್ ಎಂಬ ಹೆಸರನ್ನು 1980ರಲ್ಲಿ ಸೋವಿಯತ್ ಒಕ್ಕೂಟದಿಂದ ಬಂದ ಹೊಸ ಡಿಸ್ಟ್ರಾಯರಿಗೆ ಇಡಲಾಯಿತು. ಅದೂ 2021ರ ಮೇ 21ರಂದು ನಿವೃತ್ತವಾಯಿತು.